ಉಪ್ಪುಗಾಳಿಯ ಊರಿನಲ್ಲಿ ಹತ್ತು ನಟ್‌ಗಳ ಸೆಟ್
ಅಮೆರಿಕದ ಬಂಡೆ ಹತ್ತುಗ ರಾಯಲ್ ರಾಬಿನ್ಸ್ 2017ರಲ್ಲಿ ತೀರಿಕೊಂಡರೂ ಬಂಡೆ ಹತ್ತುವವರ ಸೊಂಟದಲ್ಲಿ ಅವರ ಪಾಠ ತೂಗುತ್ತಲೇ ಇದೆ. 1967ರಲ್ಲಿ ಅವರೂ ಪತ್ನಿ ಲಿಜ್ ಅವರೂ ಕ್ಯಾಲಿಫೋರ್ನಿಯಾದ ಯೊಸೆಮಿಟಿಯ ‘ನಟ್‌ಕ್ರ್ಯಾಕರ್’ ಹಾದಿಯನ್ನು ಮೊಳೆ ಹೊಡೆಯದೆ, ಬರೀ ನಟ್ (ಬಂಡೆಯ ಬಿರುಕಿಗೆ ಸಿಕ್ಕಿಸುವ ಲೋಹದ ಬೆಣೆ) ಬಳಸಿ ಹತ್ತಿದ್ದರು.

ಈ ಸೆಟ್ ಕೊಳ್ಳಬಹುದು. ಆದರೆ ಮಂಗಳೂರಿನ ಗಾಳಿ ಲೋಹಕ್ಕೆ ಒಳ್ಳೆಯದಲ್ಲ. ಅಲ್ಯೂಮಿನಿಯಂ ಮೇಲಿನ ಬಿಳಿ ಪುಡಿ ಉಜ್ಜಿದರೆ ಹೋದೀತು. ಅಪಾಯ ಇರುವುದು ಉಕ್ಕಿನ ಕೇಬಲ್ ಬಾಗುವಲ್ಲಿ, ಪ್ಲಾಸ್ಟಿಕ್ ಕೊಳವೆಯ ಅಂಚಿನಲ್ಲಿ. ಒಂದೇ ಎಳೆ ತುಂಡಾಗಿದ್ದರೂ ಎಸೆಯಿರಿ. ಬಳಸಿದ ಮೇಲೆ ಸಿಹಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿಯೇ ಚೀಲಕ್ಕೆ ಹಾಕಿ.

ಬಿರುಕು ಕೆಳಗೆ ಕಿರಿದಾಗುವಲ್ಲಿ ನಟ್ ಕೂರಿಸಿ, ಒಮ್ಮೆ ಕೆಳಕ್ಕೆ ಜಗ್ಗಿ. ಸ್ಲಿಂಗ್ (ನಟ್‌ಗೂ ಹಗ್ಗಕ್ಕೂ ನಡುವಿನ ಪಟ್ಟಿ) ಗಿಡ್ಡವಾದರೆ ಹಗ್ಗದ ಎಳೆತಕ್ಕೆ ನಟ್ ಮೇಲೆದ್ದು ಕಳಚುತ್ತದೆ, 60 ಸೆಂ.ಮೀ.ನದ್ದು ಇರಲಿ. ಸಿಕ್ಕಿಕೊಂಡ ನಟ್ ಕೀಳುವ ಕೊಕ್ಕೆ ಮಾತ್ರ ಸೆಟ್‌ನಲ್ಲಿಲ್ಲ. ಶುದ್ಧ ಜಿಪುಣತನ!