ಬಯಲಿನ ನೇರಳೆ ಹೂ ಮತ್ತು ಐನ್ಯಾಚುರಲಿಸ್ಟ್

ಪಶ್ಚಿಮ ಟೆಕ್ಸಾಸಿನ ಲಬ್ಬಕ್ ಸುತ್ತಮುತ್ತ, ಬೇಸಿಗೆಯ ಬಿಸಿಲಿಗೆ ಹುಲ್ಲೆಲ್ಲ ಒಣಗಿದ ಮೇಲೂ ರಸ್ತೆಯಂಚಿನ ಗಟ್ಟಿ ನೆಲಕ್ಕೆ ಅಂಟಿಕೊಂಡಂತೆ ಹರಡಿ ನೇರಳೆ ಹೂ ಬಿಡುವ ಗಿಡವೊಂದಿದೆ. ಅದರ ಹೆಸರು ತಿಳಿಯಲು ನಾನು ಬಳಸಿದ್ದು, ಚಿತ್ರ ಕೊಟ್ಟರೆ ಗಿಡ, ಪ್ರಾಣಿಗಳ ಹೆಸರು ಸೂಚಿಸುವ ಐನ್ಯಾಚುರಲಿಸ್ಟ್ ಎಂಬ ಆ್ಯಪ್. 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸ್ನಾತಕೋತ್ತರ ಯೋಜನೆಯಾಗಿ ಹುಟ್ಟಿ, 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆಯಾಗಿ ನಡೆಯುತ್ತಿರುವ ಈ ಸೇವೆಗೆ ಶುಲ್ಕವಿಲ್ಲ, ಜಾಹೀರಾತಿನ ಕಾಟವೂ ಇಲ್ಲ.

ಹೂವಿನ ಚಿತ್ರವೊಂದನ್ನೇ ನೆಚ್ಚಿದರೆ ಈ ಗಿಡದ ಗುರುತು ಸಿಗುವುದು ಕಷ್ಟ. ಏಕೆಂದರೆ ಬದನೆ ಕುಟುಂಬಕ್ಕೇ ಸೇರಿದ ಸೊಲಾನಮ್ ಎಲಿಯಾಗ್ನಿಫೋಲಿಯಮ್ ಎಂಬ ಕಳೆಯೂ ಅದೇ ಬಯಲಿನಲ್ಲಿ ಐದು ಮೂಲೆಯ ನೇರಳೆ ಹೂ ಬಿಡುತ್ತದೆ. ವರ್ಷದ ಚಂದಾ ವಸೂಲಿ ಮಾಡುವ ಮತ್ತೊಂದು ಆ್ಯಪ್ ಆ ಕಳೆಯ ಹೆಸರನ್ನೇ ಖಡಾಖಂಡಿತವಾಗಿ ಹೇಳಿ ಕೈತೊಳೆದುಕೊಂಡಿತು. ಐನ್ಯಾಚುರಲಿಸ್ಟ್‌ನಲ್ಲಾದರೋ ಒಂದೇ ದಾಖಲೆಗೆ ಹಲವು ಚಿತ್ರಗಳನ್ನು ಸೇರಿಸಬಹುದು, ನೋಡಿದ ಸ್ಥಳವನ್ನೂ ಕೊಡಬಹುದು. ಎಲೆಯನ್ನು ಹತ್ತಿರದಿಂದ ತೆಗೆದ ಚಿತ್ರವೇ ಇಲ್ಲಿ ನಿರ್ಣಾಯಕ: ಅಂಕುಡೊಂಕು ಅಂಚಿನ ಎಲೆಯ ಮೇಲೂ ಎಳೆಯ ದಂಟಿನ ಮೇಲೂ ಸಕ್ಕರೆ ಉದುರಿಸಿದಂತೆ ಬಿಳಿಯ ಸಣ್ಣ ಹರಳುಗಳು ಮಿನುಗುತ್ತವೆ, ಮುಳ್ಳಿನ ಸುಳಿವಿಲ್ಲ. ಆ ಕಳೆಯಾದರೆ ನೆಟ್ಟಗೆ ಬೆಳೆಯುತ್ತದೆ, ಸಾಮಾನ್ಯವಾಗಿ ಮುಳ್ಳಿರುತ್ತದೆ, ಉದ್ದನೆಯ ಹಳದಿ ಪರಾಗಕೋಶಗಳು ಹೂವಿನಿಂದ ಮುಂದಕ್ಕೆ ಚಾಚಿರುತ್ತವೆ, ಹಣ್ಣು ಬೋಳಾಗಿ ಹೊರಗೆ ಕಾಣುತ್ತದೆ. ನನ್ನ ಗಿಡದಲ್ಲಿ ಹೂ ಚಪ್ಪಟೆ, ಅದರ ನಡುವೆ ಬಿಳಿ ರೋಮಗಳ ನಕ್ಷತ್ರ. ಹಣ್ಣನ್ನು ನಮ್ಮ ಹೊಲದ ಬದುವಿನ ಬುಡ್ಡೆಹಣ್ಣಿನಲ್ಲಿರುವಂತೆಯೇ ಉಬ್ಬಿದ ಪುಷ್ಪಪಾತ್ರೆ ಮುಚ್ಚಿಕೊಂಡಿತ್ತು.

ಯಂತ್ರ ಸೂಚಿಸಿದ ಹೆಸರನ್ನು ಬಲ್ಲವರು ಪರಿಶೀಲಿಸಿ ಒಪ್ಪುವುದೇ ಈ ಸೇವೆಯ ನಿಜವಾದ ಬೆಲೆ. ಅಭಿಪ್ರಾಯ ಕೊಟ್ಟವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಂದೇ ಪ್ರಭೇದವನ್ನು ಒಪ್ಪಿದರೆ ಮಾತ್ರ ದಾಖಲೆ 'ರಿಸರ್ಚ್ ಗ್ರೇಡ್', ಅಂದರೆ ಸಂಶೋಧನೆಗೆ ಒದಗುವ ದರ್ಜೆಯದು, ಆಗಬಲ್ಲದು. ಹೀಗೆ ಖಚಿತವಾದ ಹೆಸರು ಕ್ವಿಂಕ್ಯುಲಾ ಲೊಬೇಟಾ. ಹಳೆಯ ಕೈಪಿಡಿಗಳು ಇದನ್ನು ಫೈಸಾಲಿಸ್ ಲೊಬೇಟಾ ಎಂದು ಬುಡ್ಡೆಹಣ್ಣಿನ ಕುಲಕ್ಕೇ ಸೇರಿಸಿದ್ದವು; ಈಗ ಇದು ತನ್ನ ಕುಲದ ಏಕೈಕ ಪ್ರಭೇದ.

ಒಪ್ಪಿಗೆ ಕೊಡುವವರು ಬಿಡುವಿನ ವೇಳೆಯಲ್ಲಿ ಬರುವ ಆಸಕ್ತರಾದ್ದರಿಂದ ಉತ್ತರಕ್ಕೆ ಅವಸರಪಡಿಸುವಂತಿಲ್ಲ. ತೋಟದಲ್ಲಿ ನೆಟ್ಟ ಗಿಡಗಳಿಗೆ ಇಲ್ಲಿ ಎರಡನೆಯ ಸ್ಥಾನ. ಹಣ್ಣನ್ನು ತಿನ್ನಬಹುದೇ ಎಂಬುದನ್ನು ಇಂಥ ಯಾವ ಆ್ಯಪ್‌ನ ಮಾತು ನಂಬಿಯೂ ತೀರ್ಮಾನಿಸಬಾರದು. ನೀರಿಲ್ಲದ ಅಂಗಳದಲ್ಲಿ ಬೆಳೆಸುವ ಆಸೆಯಿದ್ದವರು ಸ್ಥಳೀಯ ಗಿಡಗಳ ನರ್ಸರಿಯನ್ನೇ ವಿಚಾರಿಸುವುದು ಒಳ್ಳೆಯದು.