ಶುಗರ್‌ಕೇನ್: ಒಂದು ಶಾಲೆ, ಮೂರು ತಲೆಮಾರು

ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಅವರ ಭಾಷೆ, ಸಂಸ್ಕೃತಿಯನ್ನು ಮರೆಸಲು ಕೆನಡಾದಲ್ಲಿ ನಡೆಸಿದ ವಸತಿ ಶಾಲೆಗಳನ್ನು ಕುರಿತ ‘ಶುಗರ್‌ಕೇನ್’ (2024) ಸಾಕ್ಷ್ಯಚಿತ್ರವನ್ನು ಕಲಬುರಗಿಯಲ್ಲಿ ಶಿಕ್ಷಕ ಮಿತ್ರರು ಏರ್ಪಡಿಸಿದ್ದ ಪ್ರದರ್ಶನದಲ್ಲಿ ನೋಡಿದೆ. ಜೂಲಿಯನ್ ಬ್ರೇವ್ ನಾಯ್ಸ್‌ಕ್ಯಾಟ್ ಮತ್ತು ಎಮಿಲಿ ಕ್ಯಾಸಿ ನಿರ್ದೇಶನದ ಈ ಚಿತ್ರ, ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಕ್ಯಾಥೊಲಿಕ್ ಮಿಷನರಿಗಳು ನಡೆಸುತ್ತಿದ್ದ, 1981ರಲ್ಲಿ ಮುಚ್ಚಿಹೋದ ಸೇಂಟ್ ಜೋಸೆಫ್ಸ್ ಮಿಷನ್ ಎಂಬ ಒಂದೇ ಶಾಲೆಯ ಬೆನ್ನು ಹತ್ತುತ್ತದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನುಂಗಿದ ವ್ಯವಸ್ಥೆಯನ್ನು ಅಂಕಿಅಂಶಗಳಲ್ಲಿ ಹೇಳುವ ಗೋಜಿಗೆ ಹೋಗದಿರುವುದೇ ಚಿತ್ರದ ಬಲ.

ನಿರ್ದೇಶಕ ಜೂಲಿಯನ್ ಅವರ ತಂದೆ ಎಡ್ ಹುಟ್ಟಿದ್ದು ಇದೇ ಶಾಲೆಯಲ್ಲಿ. ಹಸುಗೂಸಾಗಿದ್ದಾಗ ಅವರು ಸಿಕ್ಕಿದ್ದು ಅಲ್ಲಿಯ ಕಸ ಸುಡುವ ಕುಲುಮೆಯಲ್ಲಿ. ಅಪ್ಪ ಮಗ ಕಾರಿನಲ್ಲಿ ಊರೂರು ಸುತ್ತುತ್ತಾ ಆಡುವ ಮಾತುಗಳಲ್ಲಿ, ತಾಯಿಯಿಂದ ದೂರವಾದ ಮಗುವೇ ಮುಂದೆ ತನ್ನ ಮಗನನ್ನು ಬಿಟ್ಟುಹೋದ ಅಪ್ಪನಾದದ್ದು ನಿಧಾನವಾಗಿ ಹೊರಬರುತ್ತದೆ. ಎಡ್ ಅವರ ತಾಯಿ, ಅಂದರೆ ಜೂಲಿಯನ್ ಅವರ ಅಜ್ಜಿ ಮಾತ್ರ ಬಾಯಿ ಬಿಡುವುದಿಲ್ಲ, ಕ್ಯಾಮೆರಾವೂ ಒತ್ತಾಯಿಸುವುದಿಲ್ಲ. ಸ್ವಂತ ಮನೆಯ ಕಥೆಯಾದರೂ ನಿರ್ದೇಶಕರು ತೋರಿದ ಈ ಸಂಯಮ ದೊಡ್ಡದು. ಹಳೆಯ ಕೊಟ್ಟಿಗೆಯ ಹಲಗೆಗಳ ಮೇಲೆ ಮಕ್ಕಳು ಕೆತ್ತಿದ ಹೆಸರುಗಳು, ಮನೆಗೆ ಹೋಗಲು ಉಳಿದ ದಿನಗಳ ಲೆಕ್ಕ, ಇವನ್ನೂ ಯಾವ ವಿವರಣೆಯಿಲ್ಲದೆ ತೋರಿಸಲಾಗಿದೆ. ಅಲ್ಲಿಯ ಮೂಲನಿವಾಸಿ ಸಮುದಾಯದ ಮಾಜಿ ಮುಖ್ಯಸ್ಥ ರಿಕ್ ಗಿಲ್ಬರ್ಟ್ ರೋಮಿಗೆ ಹೋಗಿ, ಆ ಶಾಲೆಯನ್ನು ನಡೆಸಿದ ಪಾದ್ರಿಗಳ ಸಂಘದ ಹಿರಿಯರ ಎದುರು ಪಾದ್ರಿಯೊಬ್ಬನೇ ತಮ್ಮ ತಂದೆ ಎಂಬ ತಮ್ಮ ಜನ್ಮದ ಸತ್ಯವನ್ನು ಹೇಳುವ ದೃಶ್ಯದಲ್ಲಿ ಕ್ಷಮೆಯ ಮಾತು ಎಷ್ಟು ಬೇಗ ಮುಗಿದುಹೋಗುತ್ತದೆ ಎಂಬುದನ್ನು ಗಮನಿಸಬೇಕು.

ಕೊರತೆಯೂ ಇದೆ. ಚರಿತ್ರೆ ಗೊತ್ತಿಲ್ಲದವರಿಗೆ ಚಿತ್ರ ಹೆಚ್ಚು ನೆರವಾಗುವುದಿಲ್ಲ. ಗುಳೆ ಹೋಗುವ ಮುನ್ನ ತಾಂಡಾದ ತಂದೆತಾಯಿಗಳು ತಾವಾಗಿಯೇ ಮಕ್ಕಳನ್ನು ಹಾಸ್ಟೆಲಿಗೆ ಸೇರಿಸುವುದನ್ನು ಕಂಡ ನಮ್ಮ ಭಾಗದ ಶಿಕ್ಷಕರೊಬ್ಬರು, ‘ಅಷ್ಟು ಕೆಟ್ಟ ಸಾಲಿಗಿ ಮಕ್ಕಳನ್ನ ಯಾಕ ಕಳಿಸಿದ್ರು?’ ಎಂದು ಕೇಳಿದರು. ಹಾಜರಾತಿಯನ್ನು ಕಡ್ಡಾಯಗೊಳಿಸಿದ 1920ರ ಕಾನೂನು ತಿದ್ದುಪಡಿಯ ಬಗ್ಗೆ ತಿಳಿದಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಶಾಲೆಯಲ್ಲಿ ನಡೆದ ದೌರ್ಜನ್ಯ, ಸಾವುಗಳ ಬಗ್ಗೆ ಸಮುದಾಯದವರು ನಡೆಸುವ ತನಿಖೆಯ ಎಳೆಗಳು ಕೂಡ ಚಿತ್ರದ ನಡುವೆ ಸಡಿಲಗೊಳ್ಳುತ್ತವೆ.

ಬೀದರ್, ಯಾದಗಿರಿಗಳಲ್ಲಿ ಪ್ರದರ್ಶಿಸುವವರು ಮೊದಲು ಹತ್ತು ನಿಮಿಷ ಕನ್ನಡದಲ್ಲಿ ಹಿನ್ನೆಲೆ ಹೇಳುವುದು ಒಳ್ಳೆಯದು. ಲೈಂಗಿಕ ದೌರ್ಜನ್ಯ, ಶಿಶುಹತ್ಯೆಗಳ ಪ್ರಸ್ತಾಪ ನೇರವಾಗಿರುವುದರಿಂದ ಚಿಕ್ಕ ಮಕ್ಕಳನ್ನು ಕರೆತರಬಾರದು.