ಟೈರ್ ಗಾಳಿ: ಪಿಎಸ್‌ಐ, ಬಾರ್, ಕೆಜಿ, ಯಾವ ಗೇಜ್ ತಗೊಳ್ಳೋದು?

ಬಂಕಿನಲ್ಲಿ ‘ಎಷ್ಟು ಹಾಕ್ಲಿ ಸರ್?’ ಅಂದರೆ ನಮ್ಮಲ್ಲಿ ಉತ್ತರ ಪಿಎಸ್‌ಐನಲ್ಲೇ (ಚದರ ಇಂಚಿಗೆ ಪೌಂಡ್, ಗಾಳಿಯ ಒತ್ತಡದ ಅಳತೆ). 33 ಅಂದರೆ ಸಾಕು, ದಶಾಂಶದ ಗೋಜಿಲ್ಲ. ಮೊದಲ ಸಲ ಗೇಜ್ (ಒತ್ತಡ ಅಳೆಯುವ ಸಾಧನ) ತಗೊಳ್ಳೋರಿಗೆ ಇದೇ ಸರಿ.

ಬಾರ್ ಅನ್ನೋ ಇನ್ನೊಂದು ಅಳತೆಯಲ್ಲಿ ಅದೇ ಗಾಳಿ 2.28. ಇಲ್ಲಿ 0.1 ತಪ್ಪಿದರೆ ಒಂದೂವರೆ ಪಿಎಸ್‌ಐ ಹೆಚ್ಚುಕಡಿಮೆ, 0.1ರ ಗೆರೆಗಳಷ್ಟೇ ಇರುವ ಮುಳ್ಳಿನ ಗೇಜ್ ಬೇಡ. ಬಾರನ್ನು 14.5ರಿಂದ ಗುಣಿಸಿದರೆ ಪಿಎಸ್‌ಐ, 100ರಿಂದ ಗುಣಿಸಿದರೆ ಕಿಲೊಪಾಸ್ಕಲ್. ಕಾರಿನ ಬಾಗಿಲ ಸ್ಟಿಕ್ಕರಿನಲ್ಲಿ 230 ಅಂತಿದ್ದರೆ ಅದು ಕಿಲೊಪಾಸ್ಕಲ್. 6.9ರಿಂದ ಭಾಗಿಸಿ, 33 ಬರುತ್ತದೆ.

ಗೇಜಿನ ಮೇಲಿನ ‘ಕೆಜಿ’ ಅಂದರೆ ಚದರ ಸೆಂಟಿಮೀಟರಿಗೆ ಕಿಲೋಗ್ರಾಂ, 14.2 ಪಿಎಸ್‌ಐ. ಬಾರ್‌ಗಿಂತ ಶೇ 2ರಷ್ಟು ಕಡಿಮೆ, ಟೈರಿಗೆ ನಡೆಯುತ್ತದೆ.

ಯಾವುದೇ ಆಗಲಿ, ಟೈರ್ ತಣ್ಣಗಿದ್ದಾಗ ಅಳೆಯಿರಿ. ದೂರ ಓಡಿಸಿ ಬಂದು ನೋಡಿದರೆ ಮುಳ್ಳು ಮೇಲೇರಿರುತ್ತದೆ. ಆಗ ಗಾಳಿ ಬಿಟ್ಟಿರೋ, ಬೆಳಗ್ಗೆ ಟೈರ್ ಮೆತ್ತಗೆ.